ಸೆರೆಯಾಳುಗಳ ಹಾಡು: ವೆರ್ದಿಯ ‘ನಬುಕ್ಕೊ’ ಮತ್ತು ನೆನಪಿನ ಲೆಕ್ಕ



ಇಟಲಿಯ ಸಂಗೀತಗಾರ ಜುಸೆಪ್ಪೆ ವೆರ್ದಿಯ ‘ನಬುಕ್ಕೊ’ ಎಂಬ ಆಪೆರಾ ಮೊದಲ ಬಾರಿಗೆ ರಂಗವೇರಿದ್ದು 1842ರ ಮಾರ್ಚ್ 9ರಂದು, ಮಿಲಾನ್ ನಗರದ ಲಾ ಸ್ಕಾಲಾ ರಂಗಮಂದಿರದಲ್ಲಿ. ಆಪೆರಾ ಎಂದರೆ ಬಹುಮಟ್ಟಿಗೆ ಹಾಡಿನಲ್ಲಿಯೇ ನಡೆಯುವ ನಾಟಕ. ಅದರ ಸಂಗೀತವನ್ನು ಒಬ್ಬರು ರಚಿಸಿದರೆ ಸಾಹಿತ್ಯವನ್ನು ಸಾಮಾನ್ಯವಾಗಿ ಇನ್ನೊಬ್ಬರು ಬರೆಯುತ್ತಾರೆ. ‘ನಬುಕ್ಕೊ’ವಿನ ಸಾಹಿತ್ಯ ತೆಮಿಸ್ತೊಕ್ಲೆ ಸೊಲೇರಾ ಎಂಬ ತರುಣ ಕವಿಯದು.

ಈ ಆಪೆರಾವನ್ನು ಕುರಿತು ಅನೇಕ ಪುಸ್ತಕಗಳಲ್ಲಿ ಒಂದು ಪ್ರಸಂಗ ಬರುತ್ತದೆ. ಆಗ ಮಿಲಾನ್ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ರಂಗದ ಮೇಲೆ ಬಾಬಿಲೋನಿನ ಸೆರೆಯಲ್ಲಿದ್ದ ಯೆಹೂದ್ಯರು ಕಳೆದುಕೊಂಡ ತಾಯ್ನಾಡನ್ನು ನೆನೆದು ಹಾಡಿದರು. ಪ್ರೇಕ್ಷಕರಿಗೆ ಆ ಸೆರೆಯಾಳುಗಳಲ್ಲಿ ತಮ್ಮದೇ ಮುಖ ಕಂಡಿತು. ಆಸ್ಟ್ರಿಯಾದ ಅಧಿಕಾರಿಗಳ ನಿಷೇಧವಿದ್ದರೂ ಲೆಕ್ಕಿಸದೆ ಅವರು ‘ಒನ್ಸ್ ಮೋರ್’ ಎಂದು ಕೂಗಿ ಹಾಡನ್ನು ಮತ್ತೊಮ್ಮೆ ಹಾಡಿಸಿದರು. ಒಂದು ರಾತ್ರಿಯಲ್ಲಿ ಒಂದು ಜನಾಂಗ ಎಚ್ಚೆತ್ತಿತು. ಇದು ಕೇಳಲು ಸೊಗಸಾದ ಕಥೆ. ಆದರೆ ಆ ರಾತ್ರಿ ಹೀಗೆ ನಡೆಯಿತೆನ್ನುವುದಕ್ಕೆ ಅಂದಿನ ದಾಖಲೆಗಳ ಬೆಂಬಲವಿಲ್ಲ. ಹಾಗಾದರೆ ಆ ಕಥೆ ಎಲ್ಲಿಂದ ಬಂತು? ಅದನ್ನು ತೆಗೆದಿರಿಸಿದರೆ ಹಾಡಿನ ಬೆಲೆ ಕುಗ್ಗುವುದೆ? ಈ ಎರಡು ಪ್ರಶ್ನೆಗಳನ್ನು ಎತ್ತಿಕೊಂಡು ಈ ಬರಹ.

ಬೈಬಲಿನ ಅರಸ, ಇತಿಹಾಸದ ಅರಸ

‘ನಬುಕ್ಕೊ’ ಎಂಬುದು ನಬುಕೊದೊನೊಸೋರ್ ಎಂಬ ಇಟಾಲಿಯನ್ ಹೆಸರಿನ ಮೊಟಕು ರೂಪ. ಕನ್ನಡ ಬೈಬಲಿನಲ್ಲಿ ಇವನೇ ನೆಬೂಕದ್ನೆಚ್ಚರ. ಕ್ರಿ.ಪೂ. 605ರಿಂದ 562ರವರೆಗೆ ಬಾಬಿಲೋನನ್ನು ಆಳಿದ ಪ್ರಬಲ ಚಕ್ರವರ್ತಿ. ಕ್ರಿ.ಪೂ. 597ರಲ್ಲಿ ಇವನು ಯೆರೂಸಲೇಮನ್ನು ವಶಪಡಿಸಿಕೊಂಡು ಅಲ್ಲಿನ ಅರಸನನ್ನು ಸೆರೆಯೊಯ್ದ. ಈ ಸಂಗತಿ ಬೈಬಲಿನಲ್ಲಿ ಮಾತ್ರವಲ್ಲದೆ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಬಾಬಿಲೋನಿನ ಮಣ್ಣಿನ ಫಲಕವೊಂದರಲ್ಲಿಯೂ ದಾಖಲಾಗಿದೆ. ಸುಮಾರು ಹತ್ತು ವರ್ಷಗಳ ನಂತರ ಯೆರೂಸಲೇಮ್ ದಂಗೆಯೆದ್ದಾಗ ಅವನ ಸೈನ್ಯ ಮತ್ತೆ ಬಂದು ನಗರವನ್ನು ಕೆಡವಿ, ದೇವಾಲಯವನ್ನು ಸುಟ್ಟು, ಇನ್ನಷ್ಟು ಜನರನ್ನು ಬಾಬಿಲೋನಿಗೆ ಸಾಗಿಸಿತು. ಯೂಫ್ರೆಟಿಸ್ ನದಿಯ ನಾಡಿನಲ್ಲಿ ಕಳೆದ ಆ ಪರದೇಶವಾಸದ ದುಃಖವೇ ಹಳೆಯ ಒಡಂಬಡಿಕೆಯ 137ನೆಯ ಕೀರ್ತನೆಯ ವಸ್ತು. ಕ್ರಿ.ಪೂ. 539ರಲ್ಲಿ ಪರ್ಷಿಯಾದ ಸೈರಸ್ ಬಾಬಿಲೋನನ್ನು ಗೆದ್ದ ಮೇಲೆಯೇ ಅವರಿಗೆ ಹಿಂದಿರುಗುವ ದಾರಿ ತೆರೆಯಿತು.

ಬೈಬಲಿನ ದಾನಿಯೇಲನ ಗ್ರಂಥ ಇದೇ ಅರಸನ ಕುರಿತು ಇನ್ನೊಂದು ಕಥೆಯನ್ನು ಹೇಳುತ್ತದೆ. ತನ್ನ ವೈಭವಕ್ಕೆ ತಾನೇ ಬೀಗಿದ ನೆಬೂಕದ್ನೆಚ್ಚರನಿಗೆ ಬುದ್ಧಿಭ್ರಮಣೆಯಾಗಿ ಏಳು ಕಾಲಗಳ ಅವಧಿ ಅವನು ದನದಂತೆ ಹುಲ್ಲು ಮೇಯುತ್ತ ತಿರುಗಿದನಂತೆ. ಕೊನೆಗೆ ದೇವರನ್ನು ಕೊಂಡಾಡಿ ಸ್ವಸ್ಥನಾದನಂತೆ. ಬಾಬಿಲೋನಿನ ಯಾವ ದಾಖಲೆಯೂ ಇಂಥದೊಂದು ಏಳು ವರ್ಷಗಳ ಹುಚ್ಚನ್ನು ಸಮರ್ಥಿಸುವುದಿಲ್ಲ. ಆದರೆ ಅದೇ ವಂಶದ ಗಾದಿಯ ಮೇಲೆ ಕೊನೆಗೆ ಕುಳಿತ ನಬೋನಿಡಸ್ ಎಂಬ ಅರಸ ರಾಜಧಾನಿಯನ್ನು ಮಗನ ಕೈಗೊಪ್ಪಿಸಿ ಅರೇಬಿಯಾದ ತೇಮಾ ಎಂಬ ಮರುಭೂಮಿಯ ಊರಿನಲ್ಲಿ ಸುಮಾರು ಹತ್ತು ವರ್ಷ ನೆಲೆಸಿದ್ದುಂಟು. ಮೃತ ಸಮುದ್ರದ ಸಮೀಪದ ಕುಮ್ರಾನ್ ಗುಹೆಗಳಲ್ಲಿ ದೊರೆತ ಸುರುಳಿಗಳ ಚೂರೊಂದರಲ್ಲಿ ಈ ನಬೋನಿಡಸ್ ತೇಮಾದಲ್ಲಿ ಏಳು ವರ್ಷ ಕೆಟ್ಟ ರೋಗದಿಂದ ನರಳಿದ ಕಥೆಯಿದೆ. ಒಬ್ಬ ಯೆಹೂದ್ಯನ ಉಪದೇಶದಂತೆ ಅವನು ನಿಜದೇವರನ್ನು ಅರಿತನೆಂದು ಅದು ಹೇಳುತ್ತದೆ. ನಬೋನಿಡಸ್‌ನ ಮೇಲೆ ಹುಟ್ಟಿದ ಕಥೆ ಕಾಲಾಂತರದಲ್ಲಿ ಅವನಿಗಿಂತ ಪ್ರಸಿದ್ಧನಾದ ನೆಬೂಕದ್ನೆಚ್ಚರನ ಹೆಸರಿಗೆ ಸರಿದಿರಬೇಕೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಈ ಸರಿಯುವಿಕೆಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆಯೂ ಇಂಥದು ಬರಲಿದೆ.

ನಾಟಕದಿಂದ ನೃತ್ಯಕ್ಕೆ, ನೃತ್ಯದಿಂದ ಆಪೆರಾಗೆ

ಸೊಲೇರಾ ಬೈಬಲನ್ನು ತೆರೆದು ನೇರವಾಗಿ ಆಪೆರಾ ಬರೆದವನಲ್ಲ. 1836ರಲ್ಲಿ ಪ್ಯಾರಿಸ್ಸಿನಲ್ಲಿ ಅನಿಸೆ-ಬೂರ್ಜ್ವಾ ಮತ್ತು ಕೊರ್ನು ಎಂಬಿಬ್ಬರು ಈ ಅರಸನನ್ನು ಕುರಿತು ಒಂದು ನಾಟಕವನ್ನು ರಂಗಕ್ಕೆ ತಂದಿದ್ದರು. 1838ರಲ್ಲಿ ಅಂತೋನಿಯೊ ಕೊರ್ತೇಸಿ ಎಂಬಾತ ಅದೇ ವಸ್ತುವನ್ನು ಲಾ ಸ್ಕಾಲಾದಲ್ಲಿ ನೃತ್ಯರೂಪಕವಾಗಿ ಆಡಿಸಿದ್ದ. ಸೊಲೇರಾನ ಸಾಹಿತ್ಯ ಇವೆರಡರಿಂದಲೂ ಎರವಲು ಪಡೆದದ್ದು.

ಆಪೆರಾದ ಕಥೆ ಸಂಕ್ಷೇಪವಾಗಿ ಹೀಗಿದೆ. ನಬುಕ್ಕೊ ಯೆರೂಸಲೇಮನ್ನು ಮುತ್ತಿ ಸುಲಿಯುತ್ತಾನೆ. ಅವನ ಮಗಳು ಫೆನೇನಾ ಯೆಹೂದ್ಯರ ಕಡೆಯ ಇಸ್ಮಾಯೆಲೆಯನ್ನು ಪ್ರೀತಿಸಿದ್ದಾಳೆ. ಹಿರಿಯ ಮಗಳೆನಿಸಿಕೊಂಡ ಅಬಿಗಾಯ್ಲೆಗೆ ತಾನು ದಾಸಿಯ ಹೊಟ್ಟೆಯಲ್ಲಿ ಹುಟ್ಟಿದವಳೆಂಬ ಗುಟ್ಟು ತಿಳಿಯುತ್ತದೆ. ಸಿಟ್ಟಿನಿಂದ ಸಿಂಹಾಸನಕ್ಕೇ ಕೈಹಾಕುತ್ತಾಳೆ. ತಾನು ಇನ್ನು ಅರಸನಲ್ಲ, ದೇವರೇ ಎಂದು ಘೋಷಿಸಿದ ನಬುಕ್ಕೊವಿನ ಮೇಲೆ ಸಿಡಿಲೆರಗಿ ಅವನ ಬುದ್ಧಿ ಕೆಡುತ್ತದೆ. ಅಬಿಗಾಯ್ಲೆ ಯೆಹೂದ್ಯರಿಗೂ ಅವರ ಧರ್ಮವನ್ನು ಅಪ್ಪಿಕೊಂಡ ಫೆನೇನಾಗೂ ಮರಣದಂಡನೆಯ ಅಪ್ಪಣೆಗೆ ಮುದ್ರೆ ಹಾಕಿಸುತ್ತಾಳೆ. ನದೀತೀರದಲ್ಲಿ ಸೆರೆಯಾಳುಗಳು ಹಾಡುವುದು ಇಲ್ಲಿಯೇ, ಮೂರನೆಯ ಭಾಗದಲ್ಲಿ. ಕೊನೆಗೆ ನಬುಕ್ಕೊ ಯೆಹೂದ್ಯರ ದೇವರಿಗೆ ಮೊರೆಯಿಟ್ಟು ಬುದ್ಧಿ ಮರಳಿ ಪಡೆದು ಎಲ್ಲರನ್ನೂ ಬಿಡುಗಡೆ ಮಾಡುತ್ತಾನೆ. ವಿಗ್ರಹ ತಾನಾಗಿ ಉರುಳುತ್ತದೆ. ಅಬಿಗಾಯ್ಲೆ ವಿಷ ಕುಡಿದು, ಕ್ಷಮೆ ಬೇಡುತ್ತ ಸಾಯುತ್ತಾಳೆ. ಅಬಿಗಾಯ್ಲೆಯಾಗಲಿ ಫೆನೇನಾಳಾಗಲಿ ಬೈಬಲಿನ ಈ ವೃತ್ತಾಂತದಲ್ಲಿ ಇಲ್ಲ. ಅವರು ರಂಗಭೂಮಿಯ ಮಕ್ಕಳು.

ಸೊಲೇರಾನ ಜೀವನವೂ ಒಂದು ನಾಟಕದಂತೆಯೇ. 1815ರಲ್ಲಿ ಫೆರಾರಾದಲ್ಲಿ ಹುಟ್ಟಿದ. ಅವನ ತಂದೆ ಆಸ್ಟ್ರಿಯಾದ ಆಳ್ವಿಕೆಯ ವಿರುದ್ಧ ಗುಪ್ತಸಂಘದಲ್ಲಿದ್ದ ಆಪಾದನೆಯ ಮೇಲೆ ಸ್ಪೀಲ್‌ಬರ್ಗ್ ಕೋಟೆಯ ಸೆರೆವಾಸ ಅನುಭವಿಸಿದವನು. ಸೆರೆಯಾಳುಗಳ ಹಾಡನ್ನು ಬರೆದ ಕೈ ಒಬ್ಬ ಸೆರೆಯಾಳಿನ ಮಗನದು ಎಂಬುದು ದಾಖಲೆಯಲ್ಲಿರುವ ಸಂಗತಿ; ಅದಕ್ಕೆ ಯಾವ ಅಲಂಕಾರವೂ ಬೇಕಿಲ್ಲ.

ವೆರ್ದಿಯ ಕತ್ತಲೆಯ ದಿನಗಳು

ವೆರ್ದಿ ಹುಟ್ಟಿದ್ದು 1813ರ ಅಕ್ಟೋಬರ್ 10ರಂದು, ಬುಸ್ಸೇತೊ ಪಟ್ಟಣದ ಬಳಿಯ ಲೆ ರೊಂಕೊಲೆ ಎಂಬ ಹಳ್ಳಿಯಲ್ಲಿ. 1832ರಲ್ಲಿ ಮಿಲಾನಿನ ಸಂಗೀತ ವಿದ್ಯಾಲಯ ಅವನಿಗೆ ಪ್ರವೇಶ ನಿರಾಕರಿಸಿತು. ಇಂದು ಆ ವಿದ್ಯಾಲಯಕ್ಕೆ ಅವನದೇ ಹೆಸರು! ಬುಸ್ಸೇತೊದ ವರ್ತಕ ಅಂತೋನಿಯೊ ಬಾರೆಜ್ಜಿ ಎಂಬ ಉದಾರಿ ಅವನ ಖಾಸಗಿ ವ್ಯಾಸಂಗಕ್ಕೆ ನೆರವಾದ. ಮುಂದೆ 1836ರಲ್ಲಿ ಆತನ ಮಗಳು ಮಾರ್ಗರೀತಾಳನ್ನೇ ವೆರ್ದಿ ಮದುವೆಯಾದ. ಒಂದು ಹೆಣ್ಣು, ಒಂದು ಗಂಡು ಮಗು ಹುಟ್ಟಿದವು. 1839ರ ನವೆಂಬರಿನಲ್ಲಿ ಮೊದಲ ಆಪೆರಾ ‘ಒಬೆರ್ತೊ’ ಲಾ ಸ್ಕಾಲಾದಲ್ಲಿ ತಕ್ಕಮಟ್ಟಿಗೆ ಯಶಸ್ವಿಯಾಯಿತು.

ಆದರೆ ಮನೆಯಲ್ಲಿ ಸಾವಿನ ಸಾಲು. ಮಗಳು 1838ರ ಆಗಸ್ಟಿನಲ್ಲಿ, ಮಗ 1839ರ ಅಕ್ಟೋಬರಿನಲ್ಲಿ, ಹೆಂಡತಿ 1840ರ ಜೂನ್ 18ರಂದು ತೀರಿಕೊಂಡರು. ಆಗ ವೆರ್ದಿಗೆ ಇಪ್ಪತ್ತಾರು ವರ್ಷ. ಆ ದುಃಖದ ನಡುವೆಯೇ ಒಪ್ಪಂದದ ಪ್ರಕಾರ ಅವನು ಒಂದು ಹಾಸ್ಯ ಆಪೆರಾವನ್ನು ಮುಗಿಸಿಕೊಡಬೇಕಾಯಿತು! 1840ರ ಸೆಪ್ಟೆಂಬರ್ 5ರಂದು ಆ ಆಪೆರಾ ರಂಗದ ಮೇಲೆ ಬಿದ್ದುಹೋಯಿತು. ಇನ್ನು ಸಂಗೀತ ರಚನೆಯೇ ಬೇಡವೆಂದು ಅವನು ತೀರ್ಮಾನಿಸಿದ.

ಮುಂದೇನಾಯಿತೆಂಬುದನ್ನು ವೆರ್ದಿಯೇ ಹೇಳಿಕೊಂಡಿದ್ದಾನೆ. 1879ರಲ್ಲಿ, ಅರವತ್ತೈದು ದಾಟಿದ ವಯಸ್ಸಿನಲ್ಲಿ, ಪ್ರಕಾಶಕ ಜೂಲಿಯೊ ರಿಕೊರ್ದಿಗೆ ಅವನು ಹೇಳಿದ ನೆನಪು 1881ರಲ್ಲಿ ಅಚ್ಚಾಯಿತು. ಅದರ ಪ್ರಕಾರ, ಹಿಮ ಸುರಿಯುತ್ತಿದ್ದ ಒಂದು ಸಂಜೆ ಲಾ ಸ್ಕಾಲಾದ ವ್ಯವಸ್ಥಾಪಕ ಮೆರೆಲ್ಲಿ ಬೀದಿಯಲ್ಲಿ ಸಿಕ್ಕಿದ. ಜರ್ಮನಿಯ ಒಟ್ಟೊ ನಿಕೊಲಾಯ್ ತಿರಸ್ಕರಿಸಿದ್ದ ಸೊಲೇರಾನ ಹಸ್ತಪ್ರತಿಯನ್ನು ಬಲವಂತವಾಗಿ ಕೈಗೆ ತುರುಕಿದ. ಮನೆಗೆ ಬಂದ ವೆರ್ದಿ ಅದನ್ನು ಮೇಜಿನ ಮೇಲೆ ಎಸೆದಾಗ ಅದು ತಾನಾಗಿ ತೆರೆದುಕೊಂಡ ಪುಟದಲ್ಲಿ ಆ ಸೆರೆಯಾಳುಗಳ ಹಾಡಿತ್ತು. ಆ ರಾತ್ರಿ ಅವನಿಗೆ ನಿದ್ರೆ ಬರಲಿಲ್ಲ.

ಆದರೆ ಇದಕ್ಕೆ ಹತ್ತು ವರ್ಷ ಮೊದಲು, 1869ರಲ್ಲಿ ಪ್ರಕಟವಾದ ಮಿಕೆಲೆ ಲೆಸ್ಸೊನಾನ ಪುಸ್ತಕದಲ್ಲಿ ಬೇರೆಯದೇ ಕಥೆಯಿದೆ. ಅದರಲ್ಲಿ ವೆರ್ದಿ ಹಸ್ತಪ್ರತಿಯನ್ನು ಮೂಲೆಗೆ ಬಿಸುಟು ತಿಂಗಳುಗಟ್ಟಲೆ ಕೆಟ್ಟ ಕಾದಂಬರಿಗಳನ್ನು ಓದುತ್ತ ಕಾಲ ಕಳೆದ. ಒಂದು ದಿನ ಅದನ್ನು ಎತ್ತಿಕೊಂಡು ಕೊನೆಯ ದೃಶ್ಯವಾದ ಅಬಿಗಾಯ್ಲೆಯ ಮರಣವನ್ನು ಓದಿ, ಪಿಯಾನೊ ಮುಂದೆ ಕುಳಿತು ಅದಕ್ಕೆ ಮೊದಲು ಸಂಗೀತ ಹಾಕಿದ. ಎರಡು ಕಥೆಗಳಲ್ಲಿಯೂ ಮನುಷ್ಯ ಒಬ್ಬನೇ, ಹಸ್ತಪ್ರತಿ ಒಂದೇ. ತೆರೆದ ಪುಟ ಮಾತ್ರ ಬೇರೆ. 1869 ಮತ್ತು 1879ರ ನಡುವೆ ಸೆರೆಯಾಳುಗಳ ಹಾಡು ಆಪೆರಾದ ನೆನಪಿನ ಕೇಂದ್ರಕ್ಕೆ ಬಂದು ನಿಂತಿತ್ತೆಂದು ಇದರಿಂದ ಊಹಿಸಬಹುದು.

ಅದೇ 1879ರ ನೆನಪಿನಲ್ಲಿ ಇನ್ನೊಂದು ವ್ಯತ್ಯಾಸವಿದೆ. ಮಗ ಮೊದಲು, ಆಮೇಲೆ ಮಗಳು, ಆಮೇಲೆ ಹೆಂಡತಿ, ಹೀಗೆ ಮೂವರೂ ಸುಮಾರು ಎರಡೇ ತಿಂಗಳಲ್ಲಿ ಹೋದರೆಂದು ವೆರ್ದಿ ಹೇಳುತ್ತಾನೆ. ದಾಖಲೆಯ ಪ್ರಕಾರ ಮಗಳೇ ಮೊದಲು ಹೋದದ್ದು. ಮೂರು ಸಾವುಗಳ ನಡುವಿನ ಅವಧಿ ಇಪ್ಪತ್ತೆರಡು ತಿಂಗಳು. ಇದನ್ನು ಸುಳ್ಳೆನ್ನಲು ನನಗೆ ಮನಸ್ಸು ಬರುವುದಿಲ್ಲ. ನಲವತ್ತು ವರ್ಷಗಳ ದೂರದಿಂದ ಹಿಂದಿರುಗಿ ನೋಡಿದ ತಂದೆಗೆ ಆ ಇಪ್ಪತ್ತೆರಡು ತಿಂಗಳು ಒಂದೇ ರಾತ್ರಿಯಂತೆ ಕಂಡಿದ್ದರೆ ಆಶ್ಚರ್ಯವೇನು? ಆದರೂ ಇತಿಹಾಸದ ವಿದ್ಯಾರ್ಥಿ ದುಃಖಕ್ಕೆ ಗೌರವ ಕೊಟ್ಟು, ತಾರೀಖನ್ನು ಸಮಾಧಿಯ ದಾಖಲೆಯಿಂದಲೇ ತೆಗೆದುಕೊಳ್ಳಬೇಕು.

ಆ ರಾತ್ರಿ ನಡೆದದ್ದೇನು?

ಮೆರೆಲ್ಲಿ ಹೊಸ ಪರದೆಗಳಿಗೆ ಹಣ ಖರ್ಚು ಮಾಡಲು ಒಪ್ಪಲಿಲ್ಲ. ಕೊರ್ತೇಸಿಯ ನೃತ್ಯರೂಪಕಕ್ಕೆ ಬಳಸಿದ್ದ ಹಳೆಯ ಪರದೆಗಳನ್ನೇ ಹೊರತೆಗೆದು ಸರಿಪಡಿಸಲಾಯಿತು. ನಬುಕ್ಕೊ ಪಾತ್ರದಲ್ಲಿ ಜೋರ್ಜೊ ರೊಂಕೋನಿ, ಅಬಿಗಾಯ್ಲೆಯಾಗಿ ಜುಸೆಪ್ಪಿನಾ ಸ್ಟ್ರೆಪ್ಪೋನಿ ಹಾಡಿದರು. ಆ ವೇಳೆಗೆ ದಣಿದಿದ್ದ ಸ್ಟ್ರೆಪ್ಪೋನಿಯ ಕಂಠಕ್ಕೆ ಆ ಕಠಿಣ ಪಾತ್ರ ಭಾರವಾಗಿತ್ತು. ಇದೇ ಸ್ಟ್ರೆಪ್ಪೋನಿ ಮುಂದೆ ವೆರ್ದಿಯ ಬಾಳಸಂಗಾತಿಯಾಗಿ, 1859ರಲ್ಲಿ ವಿಧಿವತ್ತಾಗಿ ಅವನ ಪತ್ನಿಯಾದಳು.

ಪ್ರಯೋಗ ಅಪೂರ್ವ ಯಶಸ್ಸು ಕಂಡಿತು. ರಂಗಋತುವಿನ ಕೊನೆಯ ದಿನಗಳಾಗಿದ್ದರಿಂದ ಎಂಟು ಪ್ರದರ್ಶನಗಳಷ್ಟೇ ಸಾಧ್ಯವಾದವು. ಆಗಸ್ಟಿನಲ್ಲಿ ಮತ್ತೆ ಆರಂಭವಾದಾಗ ಅದೇ ವರ್ಷ ಇನ್ನೂ 57 ಪ್ರದರ್ಶನಗಳಾದವು. ಲಾ ಸ್ಕಾಲಾದಲ್ಲಿ ಅದಕ್ಕೆ ಮೊದಲು ಒಂದು ಆಪೆರಾಗೆ ಅಂಥ ಓಟವಿರಲಿಲ್ಲ. ತನ್ನ ಕಲಾಜೀವನ ನಿಜವಾಗಿ ಆರಂಭವಾದದ್ದು ಈ ಆಪೆರಾದಿಂದ ಎಂದು ವೆರ್ದಿ ಮುಂದೆ ಹೇಳಿದ್ದು ಸರಿಯಾಗಿಯೇ ಇದೆ.

ಈಗ ‘ಒನ್ಸ್ ಮೋರ್’ ಪ್ರಸಂಗಕ್ಕೆ ಬರೋಣ. ಇಟಲಿಯ ಫ್ರಾಂಕೊ ಅಬ್ಬಿಯಾತಿ 1959ರಲ್ಲಿ ಪ್ರಕಟಿಸಿದ ನಾಲ್ಕು ಸಂಪುಟಗಳ ವೆರ್ದಿ ಚರಿತ್ರೆ ಈ ಕಥೆಗೆ ಪ್ರಾಮಾಣ್ಯದ ಬಲ ಕೊಟ್ಟಿತು. ‘ನಬುಕ್ಕೊ’ವಿನ ಪರಿಷ್ಕೃತ ಆವೃತ್ತಿಯನ್ನು ಸಿದ್ಧಪಡಿಸಿದ ಬ್ರಿಟಿಷ್ ವಿದ್ವಾಂಸ ರೋಜರ್ ಪಾರ್ಕರ್ 1842ರ ಪತ್ರಿಕೆಗಳನ್ನೇ ತಿರುವಿ ನೋಡಿದರು. ಮತ್ತೊಮ್ಮೆ ಹಾಡಿಸಿದ ಉಲ್ಲೇಖ ಅಲ್ಲಿದ್ದುದು ನಿಜ. ಆದರೆ ಅದು ‘ವಾ, ಪೆನ್ಸಿಯೆರೊ’ ಎಂಬ ಸೆರೆಯಾಳುಗಳ ಹಾಡಲ್ಲ; ವಿಗ್ರಹ ಉರುಳಿದ ಮೇಲೆ, ಕೊನೆಯ ಭಾಗದಲ್ಲಿ ಎಲ್ಲರೂ ಹೆಚ್ಚುಕಡಿಮೆ ವಾದ್ಯಗಳ ನೆರವಿಲ್ಲದೆ ಹಾಡುವ ‘ಇಮ್ಮೆನ್ಸೊ ಜೆಹೋವಾ’ ಎಂಬ ದೇವಸ್ತುತಿ. ನಬೋನಿಡಸ್‌ನ ಕಥೆ ನೆಬೂಕದ್ನೆಚ್ಚರನಿಗೆ ಸರಿದಂತೆಯೇ, ಹೆಚ್ಚು ಪ್ರಸಿದ್ಧವಲ್ಲದ ಹಾಡಿಗೆ ಸಂದ ಗೌರವ ಹೆಚ್ಚು ಪ್ರಸಿದ್ಧವಾದ ಹಾಡಿಗೆ ಸರಿಯಿತು.

ಇನ್ನೊಂದು ದಾಖಲೆಯನ್ನೂ ಗಮನಿಸಬೇಕು. 1842ರಲ್ಲಿ ‘ನಬುಕ್ಕೊ’ವಿನ ಮುದ್ರಿತ ಸಂಗೀತಪುಸ್ತಕವನ್ನು ಅರ್ಪಿಸಿದ್ದು ಯಾರಿಗೆ ಬಲ್ಲಿರಾ? ಆಸ್ಟ್ರಿಯಾದ ರಾಜಕುಮಾರಿ ಅಡಿಲೇಡಳಿಗೆ; ಮಿಲಾನನ್ನು ಆಳುತ್ತಿದ್ದ ಆಸ್ಟ್ರಿಯಾದ ವೈಸರಾಯನ ಮಗಳಿಗೆ. ದಂಗೆಯ ಹಾಡೆಂದು ಅಧಿಕಾರಿಗಳು ಬೆಚ್ಚಿದ್ದರೆ ಈ ಅರ್ಪಣೆ ಸಾಧ್ಯವಿತ್ತೆ? ಇತಿಹಾಸದ ವಿನೋದ ನೋಡಿ: ಆ ವರ್ಷವೇ ಆಕೆಯ ಕೈಹಿಡಿದವನು ಪೀಡ್ಮೊಂಟಿನ ರಾಜಕುಮಾರ ವಿಟ್ಟೋರಿಯೊ ಇಮ್ಯಾನುಯೆಲೆ, 1861ರಲ್ಲಿ ಅವನೇ ಏಕೀಕೃತ ಇಟಲಿಯ ಮೊದಲ ಅರಸನಾದ. ಅದನ್ನು ನೋಡಲು ಅಡಿಲೇಡ್ ಉಳಿದಿರಲಿಲ್ಲ, 1855ರಲ್ಲಿಯೇ ತೀರಿಕೊಂಡಿದ್ದಳು.

ಎಲ್ಲ ವಿದ್ವಾಂಸರೂ ಪಾರ್ಕರ್ ಅವರಷ್ಟು ದೂರ ಹೋಗುವುದಿಲ್ಲ. 1848ರ ಕ್ರಾಂತಿಯ ಹೊತ್ತಿಗೆ ಆಪೆರಾದ ಮೇಳಗೀತೆಗಳಿಗೆ ದೇಶಭಕ್ತಿಯ ಅರ್ಥ ಖಂಡಿತ ಬಂದಿತ್ತೆಂದು ಅಮೆರಿಕದ ಫಿಲಿಪ್ ಗಾಸೆಟ್ ವಾದಿಸಿದ್ದಾರೆ. ವೆರ್ದಿಯೂ ದೇಶಾಭಿಮಾನಿಯೇ. 1848ರಲ್ಲಿ ಮಿಲಾನ್ ದಂಗೆಯೆದ್ದಾಗ ಪ್ಯಾರಿಸ್ಸಿನಿಂದ ಧಾವಿಸಿ ಬಂದವನು. 1861ರ ಮೊದಲ ಸಂಸತ್ತಿಗೆ ಸದಸ್ಯನಾಗಿ ಆಯ್ಕೆಯಾದವನು. ಚರ್ಚೆಯಿರುವುದು ಅವನ ದೇಶಪ್ರೇಮದ ಬಗೆಗಲ್ಲ. 1842ರ ಒಂದು ರಾತ್ರಿಯ ಬಗೆಗೆ.

ಹಾಡು ಬೆಳೆದ ಬಗೆ

ಹಾಗಾದರೆ ಈ ಹಾಡು ಜನರ ಹಾಡಾದದ್ದು ಯಾವಾಗ? ನಿಧಾನವಾಗಿ, ಎರಡು ಮೂರು ತಲೆಮಾರುಗಳ ಅವಧಿಯಲ್ಲಿ. ದೇಶ ಒಂದಾದ ಮೇಲೆ ಜನರಿಗೆ ತಮ್ಮ ಹೋರಾಟದ ದಿನಗಳನ್ನು ನೆನೆಯಲು ಒಂದು ಹಾಡು ಬೇಕಾಗಿತ್ತು. ದೂರದ ತಾಯ್ನಾಡನ್ನು ನೆನೆಯುವ ಈ ಹಾಡಿನಲ್ಲಿ ಶತ್ರುವಿನ ಹೆಸರಿಲ್ಲ, ಕತ್ತಿಯ ಝಳಪಿಲ್ಲ. ಬಹುಭಾಗ ಎಲ್ಲ ಕಂಠಗಳೂ ಒಂದೇ ಸ್ವರದಲ್ಲಿ ಕೂಡಿ ಹಾಡುವುದರಿಂದ ಸಂಗೀತ ಕಲಿಯದವನೂ ದನಿಗೂಡಿಸಬಹುದು.

ವೆರ್ದಿ 1901ರ ಜನವರಿ 27ರಂದು ಮಿಲಾನಿನಲ್ಲಿ ತೀರಿಕೊಂಡ. ತನ್ನ ಅಂತ್ಯಕ್ರಿಯೆ ಅತಿ ಸರಳವಾಗಿರಬೇಕು, ಹಾಡು ವಾದ್ಯಗಳು ಕೂಡದು ಎಂದು ಉಯಿಲಿನಲ್ಲಿ ಬರೆದಿದ್ದ, ಅದರಂತೆಯೇ ನಡೆಯಿತು. ಒಂದು ತಿಂಗಳ ನಂತರ, ಫೆಬ್ರವರಿ 26ರಂದು, ಅವನ ಮತ್ತು ಸ್ಟ್ರೆಪ್ಪೋನಿಯ ದೇಹಾವಶೇಷಗಳನ್ನು ಅವನೇ ಕಟ್ಟಿಸಿದ ವಿಶ್ರಾಂತಿಧಾಮಕ್ಕೆ ಸಾಗಿಸಿದಾಗ ಬೀದಿಯ ತುಂಬ ಲಕ್ಷಾಂತರ ಜನ. ತರುಣ ಆರ್ತೂರೊ ತೊಸ್ಕಾನಿನಿಯ ನಿರ್ದೇಶನದಲ್ಲಿ ಎಂಟುನೂರಕ್ಕೂ ಹೆಚ್ಚು ಗಾಯಕರು ‘ವಾ, ಪೆನ್ಸಿಯೆರೊ’ ಹಾಡಿದರು. ಇದಕ್ಕೆ ಖಚಿತವಾದ ದಾಖಲೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ತುತ್ತಾಗಿ ಮತ್ತೆ ಕಟ್ಟಲಾದ ಲಾ ಸ್ಕಾಲಾ 1946ರ ಮೇ 11ರಂದು ತೆರೆದಾಗ, ಫ್ಯಾಸಿಸ್ಟರನ್ನು ವಿರೋಧಿಸಿ ದೇಶದಿಂದ ದೂರವಿದ್ದ ಅದೇ ತೊಸ್ಕಾನಿನಿ ಹಿಂದಿರುಗಿ ಬಂದು ಈ ಹಾಡನ್ನು ಮತ್ತೆ ಹಾಡಿಸಿದ. 2011ರ ಮಾರ್ಚ್ 12ರಂದು ರೋಮ್ ನಗರದಲ್ಲಿ, ಸಂಸ್ಕೃತಿಯ ಅನುದಾನಕ್ಕೆ ಸರ್ಕಾರ ಕತ್ತರಿ ಹಾಕುತ್ತಿದ್ದ ಸಂದರ್ಭದಲ್ಲಿ, ನಿರ್ದೇಶಕ ರಿಕ್ಕಾರ್ದೊ ಮೂತಿ ಪ್ರೇಕ್ಷಕರತ್ತ ತಿರುಗಿ ನಾಲ್ಕು ಮಾತಾಡಿ, ಅವರನ್ನೂ ಹಾಡಲು ಕರೆದರು. ಇಡೀ ಸಭಾಂಗಣ ಎದ್ದು ನಿಂತು ಹಾಡಿತು. 1842ರಲ್ಲಿ ನಡೆಯಿತೆಂದು ಹೇಳಲಾದ ಘಟನೆ 2011ರಲ್ಲಿ ನಿಜವಾಗಿ ನಡೆಯಿತು!

ನನ್ನ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ನನಗನಿಸುತ್ತದೆ. ದಂತಕಥೆಯನ್ನು ತೆಗೆದಿರಿಸಿದರೆ ಹಾಡಿಗೆ ನಷ್ಟವಿಲ್ಲ. ಒಂದು ರಾತ್ರಿಯ ಪವಾಡದ ಜಾಗದಲ್ಲಿ ಹಲವು ತಲೆಮಾರುಗಳ ಜನರ ಪಾಲು ಕಾಣತೊಡಗುತ್ತದೆ. ಪುಸ್ತಕದಿಂದ ಪುಸ್ತಕಕ್ಕೆ ನಕಲಾದ ಮಾತ್ರಕ್ಕೆ ಒಂದು ಸಂಗತಿ ಸತ್ಯವಾಗುವುದಿಲ್ಲ, ಆಧಾರವೇನೆಂದು ಕೇಳಿ ಎಂದು ತರಗತಿಯಲ್ಲಿ ಹೇಳುತ್ತಿದ್ದೆನಲ್ಲ, ಅದು ಯಾರ ಗೌರವವನ್ನೂ ಕುಗ್ಗಿಸಲಿಕ್ಕಲ್ಲ. ಸಲ್ಲಬೇಕಾದವರಿಗೆ ಗೌರವ ಸಲ್ಲಲಿ ಎಂದು.

ಹಾಗೆ ಸಲ್ಲಬೇಕಾದವರಲ್ಲಿ ಸೊಲೇರಾ ಒಬ್ಬ. ವೆರ್ದಿಗೆ ಇನ್ನೂ ಕೆಲವು ಆಪೆರಾಗಳ ಸಾಹಿತ್ಯ ಬರೆದ ಮೇಲೆ, 1846ರ ‘ಅತ್ತಿಲಾ’ವನ್ನು ಅರ್ಧಕ್ಕೆ ಬಿಟ್ಟು ಸ್ಪೇನಿಗೆ ಹೊರಟುಹೋದ, ಉಳಿದದ್ದನ್ನು ಬೇರೊಬ್ಬ ಕವಿ ಮುಗಿಸಬೇಕಾಯಿತು. ಹಲವು ಊರು, ಹಲವು ವೃತ್ತಿಗಳಲ್ಲಿ ಅಲೆದು 1878ರಲ್ಲಿ ಮಿಲಾನಿನಲ್ಲಿ ಬಡತನದಲ್ಲಿ ಸತ್ತ. ಇತ್ತ ವೆರ್ದಿ ತನ್ನ ಸಂಪಾದನೆಯಿಂದ ಕಟ್ಟಿಸಿದ ಆ ವಿಶ್ರಾಂತಿಧಾಮ ದಿಕ್ಕಿಲ್ಲದ ಮುಪ್ಪಿನ ಸಂಗೀತಗಾರರಿಗಾಗಿ. ವಾಸಿಗಳಿಂದ ವಂದನೆ ಪಡೆಯುವುದು ಬೇಡವೆಂದು, ತನ್ನ ಮರಣಾನಂತರವೇ ಅದು ತೆರೆಯಲೆಂದು ಬಯಸಿದ್ದ. 1902ರಲ್ಲಿ ಬಾಗಿಲು ತೆರೆದ ಆ ಮನೆ ಇಂದಿಗೂ ನಡೆಯುತ್ತಿದೆ.

ಕೊನೆಗೆ, ಹಳೆಯ ಅಭ್ಯಾಸದಂತೆ ಒಂದು ಮನೆಗೆಲಸ. ಬೈಬಲಿನಲ್ಲಿ ಎರಡನೆಯ ಅರಸುಗಳ ಗ್ರಂಥದ 25ನೆಯ ಅಧ್ಯಾಯವನ್ನೂ ದಾನಿಯೇಲನ ಗ್ರಂಥದ 4ನೆಯ ಅಧ್ಯಾಯವನ್ನೂ ಓದಿರಿ. ಆಮೇಲೆ ‘ವಾ, ಪೆನ್ಸಿಯೆರೊ’ ಕೇಳಿರಿ. ಐದು ನಿಮಿಷದ ಹಾಡು, ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಒಂದೇ ಎಳೆಯಲ್ಲಿ ಸಾಗುವ ದನಿಗಳು ನಡುವೆ ಎಲ್ಲಿ ಬಿಚ್ಚಿಕೊಂಡು ಹಲವಾಗುತ್ತವೆ ಎಂಬುದನ್ನು ಕಿವಿಗೊಟ್ಟು ಗುರುತಿಸಿರಿ. ಅದು ಮುಗಿದ ಮೇಲೆ ‘ಇಮ್ಮೆನ್ಸೊ ಜೆಹೋವಾ’ವನ್ನೂ ಕೇಳಿರಿ. ಮಿಲಾನಿನ ಜನ ಆ ರಾತ್ರಿ ಮತ್ತೊಮ್ಮೆ ಬೇಕೆಂದು ಕೂಗಿದ್ದು ಅದಕ್ಕಾಗಿ. ಎರಡರಲ್ಲಿ ನಿಮಗೆ ಹೆಚ್ಚು ಹಿಡಿಸಿದ್ದು ಯಾವುದೆಂದು ಬರೆದು ತಿಳಿಸಿದರೆ ಸಂತೋಷಪಡುತ್ತೇನೆ.